ಲೇಸ್ ಕಟ್ಟುವ ಬೂಟು

ಕಾತ್ಯಾಯಿನಿಯ ಹಳೆಯ ಬೂಟು ಆ ಚಳಿಗಾಲದಲ್ಲಿ ಕೈಕೊಟ್ಟಿತು. ಅಗ್ಗಕ್ಕೆ ಸಿಕ್ಕಿತೆಂದು ಕೊಂಡದ್ದು, ಚರ್ಮದ ಹೆಸರಿನಲ್ಲಿ ರೆಕ್ಸಿನ್. ನ್ಯೂಜಿಲೆಂಡಿನ ಲೋವರ್ ಹಟ್‌ನ ಆಗಸ್ಟ್ ಮಳೆಗೆ ಅದು ಎರಡು ವರ್ಷ ಬಾಳಿದ್ದೇ ಹೆಚ್ಚು. ರೈಲಿಳಿದು ಲ್ಯಾಬಿಗೆ ನಡೆಯುವಷ್ಟರಲ್ಲಿ ಕಾಲುಚೀಲ ತೊಯ್ದು ತೊಪ್ಪೆಯಾಗುತ್ತಿತ್ತು. ಈ ಸಲ ಒಳ್ಳೆಯದನ್ನೇ ಕೊಳ್ಳುತ್ತೇನೆಂದು ಹಠ ತೊಟ್ಟು ಮಂಗಳವಾರ ಸಂಜೆ ಅಂಗಡಿ ಹೊಕ್ಕಳು.

ಅಂಗಡಿಯವನು ಎಪ್ಪತ್ತು ದಾಟಿದ ಮುದುಕ. ಎರಡು ಜೊತೆ ತಂದಿಟ್ಟ. ಒಂದು ಕಣಕಾಲು ಮುಚ್ಚುವ, ಲೇಸ್ ಕಟ್ಟುವ ಬೂಟು. ದಪ್ಪ ಚರ್ಮ, ಅಂಟಿಸದೆ ಹೊಲಿದ ಅಟ್ಟೆ. ಇನ್ನೊಂದು ಪಕ್ಕದಲ್ಲಿ ಎಲಾಸ್ಟಿಕ್ ಇದ್ದು ಸರ್ರನೆ ಕಳಚಬಹುದಾದದ್ದು. "ಎಲಾಸ್ಟಿಕ್ ಇರುವ ಕಡೆ ನೀರು ಇಳಿಯುತ್ತೆ, ಮೊದಲೇ ಹೇಳಿಬಿಡ್ತೀನಿ," ಎಂದ.

ಕಾತ್ಯಾಯಿನಿ ಚರ್ಮ ಬಗ್ಗಿಸಿ ನೋಡಿದಳು, ಮೂಸಿದಳು, ಹೊಲಿಗೆಯ ಮೇಲೆ ಉಗುರಾಡಿಸಿದಳು. ಲೇಸಿನದೇ ಮೇಲೆಂದು ಯಾರಿಗಾದರೂ ಗೊತ್ತಾಗುತ್ತಿತ್ತು. ಆದರೂ ಕೈ ಹೋದದ್ದು ಎಲಾಸ್ಟಿಕ್ಕಿನ ಕಡೆಗೆ. ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಹಿಂದೆ ಹತ್ತು ಜನ ಹೆಂಗಸರು ನಿಂತಿರುವಾಗ, ರೇಷ್ಮೆ ಸೀರೆಯಲ್ಲಿ ಕರೆದವರ ಮನೆಯ ಹೊಸ್ತಿಲ ಬಳಿ ಕುಕ್ಕರಿಸಿ ಲೇಸ್ ಬಿಚ್ಚುತ್ತ ಕೂರಲು ಆದೀತೇ?

ಕರೆ ಬಂದರೆ ತಾನೇ ಈ ಮಾತು! ಗಂಡ ಬದರಿನಾಥ್ ಅವಳನ್ನು ಬಿಟ್ಟು ಸಿಡ್ನಿಗೆ ಹೋಗಿ ಎರಡು ವರ್ಷ ದಾಟಿತ್ತು; ವಿಚ್ಛೇದನದ ಕಾಗದ ಮಾರ್ಚಿನಲ್ಲಿ ಕೈಸೇರಿತ್ತು. ಅಂದಿನಿಂದ ಊರಿನ ಕನ್ನಡದ ಹೆಂಗಸರ ಬಾಯಲ್ಲಿ 'ಅಯ್ಯೋ ಪಾಪ'ಕ್ಕೇನೂ ಕೊರತೆಯಿರಲಿಲ್ಲ, ಕರೆಯಲು ಮಾತ್ರ ಯಾರಿಗೂ ನೆನಪಾಗುತ್ತಿರಲಿಲ್ಲ. ಅರಿಶಿನ-ಕುಂಕುಮಕ್ಕೆ ಕರೆಯುವುದು ಮುತ್ತೈದೆಯರನ್ನು. ಇವಳು ಈಗ ಯಾವ ಸಾಲಿಗೆ ಸೇರುತ್ತಾಳೋ ಅವರಿಗೆ ತೋಚದು. ಸಮುದ್ರ ದಾಟಿದರೂ ಈ ಲೆಕ್ಕಾಚಾರ ಯಾರ ಪೆಟ್ಟಿಗೆಯಲ್ಲಿ ಕೂತು ಬಂತೋ! ಆದರೆ ಶ್ರೀಲಕ್ಷ್ಮಿ ಹಾಗಲ್ಲ, ಹನ್ನೊಂದು ವರ್ಷದ ಗೆಳತಿ. ಕರೆದೇ ಕರೆಯುತ್ತಾಳೆಂದು ಕಾತ್ಯಾಯಿನಿ ವಾರದಿಂದ ಫೋನನ್ನು ಕೈಯಲ್ಲೇ ಹಿಡಿದು ಓಡಾಡುತ್ತಿದ್ದಳು.

ಅಷ್ಟರಲ್ಲಿ ಅದು ಹೊಡೆದುಕೊಂಡಿತು. ಶ್ರೀಲಕ್ಷ್ಮಿಯೇ!

"ಹೇಗಿದ್ದೀಯೇ? ಶನಿವಾರ ಮಧ್ಯಾಹ್ನ ಮನೆಗೆ ಬಾರೇ. ನಿಂಗೇಂತ ಹೋಳಿಗೆ ಎತ್ತಿಟ್ಟಿರ್ತೀನಿ."

"ಹಬ್ಬ ಶುಕ್ರವಾರ ಅಲ್ವೇನೇ?"

"ಹೂಂ ಕಣೇ. ಮೈಸೂರಿಂದ ನಮ್ಮತ್ತೆ ಬಂದಿದ್ದಾರೆ. ನಿಂಗೊತ್ತಲ್ಲ, ಅವರು ಒಂಥರಾ. ಬೇಜಾರ್ ಮಾಡ್ಕೋಬೇಡ್ವೇ."

"ಅಯ್ಯೋ, ಬೇಜಾರೇನು ಬಂತು. ಶನಿವಾರ ನಂಗೆ ಕೆಲಸ ಇದೆ ಕಣೇ, ಆಗಲ್ಲ."

ಕೆಲಸವೂ ಇರಲಿಲ್ಲ, ಕಾಯುವವರೂ ಇರಲಿಲ್ಲ. ಫೋನನ್ನು ಚೀಲಕ್ಕೆ ಹಾಕಿದಳು. ಕರೆಯದೆ ಬಾಗಿಲು ಮುಚ್ಚಿದ್ದರೂ, ಹೀಗೆ ಹಬ್ಬದ ಮರುದಿನಕ್ಕೆ ಕರೆದಷ್ಟು ನೋಯುತ್ತಿರಲಿಲ್ಲವೇನೋ.

"ದಿನಕ್ಕೆ ಎಷ್ಟು ಸಲ ಬಿಚ್ಚಿ ಹಾಕ್ತೀರಿ?" ಮುದುಕ ಕೇಳಿದ.

"ಬೆಳಿಗ್ಗೆ ಹಾಕಿದ್ರೆ ಮನೆಗೆ ಹೋದ್ಮೇಲೇ ಬಿಚ್ಚೋದು. ಲೇಸಿನದೇ ಕೊಡಿ."

ಅವನು ಮೊಣಕಾಲೂರಿ ಕೂತು ಅವಳ ಪಾದಕ್ಕೆ ಕೈ ಹಾಕಿದ. ತಂದೆಯ ವಯಸ್ಸಿನವರು ತನ್ನ ಕಾಲು ಮುಟ್ಟುವುದೆಂದರೇನು! ಅವಳು ಸರಕ್ಕನೆ ಹಿಂದೆಳೆದುಕೊಂಡಳು. ಆತ ನಕ್ಕು, "ಇದೇ ನನ್ನ ಕೆಲಸ," ಎಂದು ಪಾದವನ್ನು ಮೆಲ್ಲಗೆ ಬೂಟಿನೊಳಗೆ ಕೂರಿಸಿ ಲೇಸ್ ಎಳೆಯತೊಡಗಿದ. ಬೆರಳಿಗೆ ಜಾಗ ಇದೆಯಾ, ಹಿಮ್ಮಡಿ ಜಾರುತ್ತಾ, ಎಲ್ಲಾದರೂ ನೋಯುತ್ತಾ ಎಂದು ಒಂದೊಂದಾಗಿ ವಿಚಾರಿಸಿದ. ಅವಳನ್ನು ಹಾಗೆ ಯಾರಾದರೂ ವಿಚಾರಿಸಿ ಎಷ್ಟು ಕಾಲವಾಗಿತ್ತೋ! ತಡೆಯಲಾಗದೆ ಕಣ್ಣೀರು ಹರಿಯಿತು. ತಲೆಯೆತ್ತಿದ ಮುದುಕ ತೀರಾ ಬಿಗಿದುಬಿಟ್ಟೆನೇನೋ ಎಂದು ಗಾಬರಿಯಾಗಿ, ಕ್ಷಮಿಸಿ, ಕ್ಷಮಿಸಿ ಎನ್ನುತ್ತ ಲೇಸ್ ಸಡಿಲಿಸತೊಡಗಿದ.