ಅಂಗೈಯಗಲ ಬಿಟ್ಟ ಜಾಗ

ಕಾರು ಹೊಳೆಯಿಸುವ ಔಷಧ ಮಾರುವ ನಾನು ಊರೂರು ತಿರುಗುವುದು ಸರಕಾರಿ ಬಸ್ಸಿನಲ್ಲಿ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಸಿಂದಗಿ ಬಸ್ ನಿಲ್ದಾಣದಲ್ಲಿ ನನ್ನನ್ನು ಕಂಡ ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ. ನನ್ನ ಕೈಚೀಲದಲ್ಲಿ ನೀರಿನ ಬಾಟಲಿ, ಮೆತ್ತನೆಯ ಬಟ್ಟೆ, ಯಾವುದೋ ಗುಜರಿ ಕಾರಿನಿಂದ ಬಿಚ್ಚಿದ ಪೆಟ್ರೋಲ್ ಟ್ಯಾಂಕಿನ ಮುಚ್ಚಳ, ಇಷ್ಟು ಇರುತ್ತವೆ. ಮುಚ್ಚಳದ ಅರ್ಧಕ್ಕೆ ಆ ಔಷಧದ ಕೋಟಿಂಗ್ ಆಗಿದೆ, ಇನ್ನರ್ಧಕ್ಕೆ ಆಗಿಲ್ಲ. ಮೇಲೆ ನೀರು ಸುರಿದರೆ ಒಂದು ಕಡೆ ಹರಡಿ ನಿಲ್ಲುತ್ತದೆ, ಇನ್ನೊಂದು ಕಡೆ ಮಣಿಮಣಿಯಾಗಿ ಉರುಳಿ ನನ್ನ ಸೀರೆಯ ಮೇಲೆ ಬೀಳುತ್ತದೆ. ಒಮ್ಮೆ ಕಂಡಕ್ಟರ್ ಇದನ್ನು ನೋಡಿ, "ಅಕ್ಕಾರ, ನಮ್ಮ ಬಸ್ಸಿಗೂ ಒಂದೀಟ ಹಚ್ರಲಾ" ಅಂದ. "ಮೊದಲ ಬಸ್ಸಿನ ಬಣ್ಣ ಎಲ್ಲೈತಿ ತೋರಸ್ರಿ, ಆಮ್ಯಾಲ ಹಚ್ಚೂಣು" ಅಂದೆ. ಬಸ್ಸೆಲ್ಲ ನಕ್ಕಿತು, ಟಿಕೆಟ್ಟಿನ ದುಡ್ಡನ್ನು ಮಾತ್ರ ಅವನು ಪೂರ್ತಿ ತೆಗೆದುಕೊಂಡ.

ನಮ್ಮ ಶೆಡ್ ಇರುವುದು ಇಂಡಿಯಲ್ಲಿ. ಅಲ್ಲಿ ಕೆಲಸ ಮಾಡುವವರು ನಮ್ಮ ಯಜಮಾನರು. ಅವರಿಗೆ ಮಾತು ಕಡಿಮೆ, ಮಷಿನ್ ಹಿಡಿದರೆ ಊಟದ ನೆನಪೂ ಇರುವುದಿಲ್ಲ. ಮಾತೆಲ್ಲ ನನ್ನ ಪಾಲಿಗೆ ಬಂದಿದೆ. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ಊರೂರಿಗೆ ಹೋಗಿ ನಾನು ಗಿರಾಕಿ ಹಿಡಿದು ತರುತ್ತೇನೆ, ಅವರು ಕಾರು ತೊಳೆದು, ತಿಕ್ಕಿ, ಪಾಲಿಶ್ ಮಾಡಿ, ಗಾಜಿನಂಥ ತೆಳು ಪದರ ಹಚ್ಚುತ್ತಾರೆ. ಜನ ಅದನ್ನು ಕೋಟಿಂಗ್ ಅನ್ನುವುದಕ್ಕಿಂತ ಔಷಧ ಅನ್ನುವುದೇ ಹೆಚ್ಚು. ನನಗೂ ಅದೇ ರೂಢಿಯಾಗಿದೆ. ಕೇಳಿದವರಿಗೆ ಕಾರಿಗೇನೋ ಕಾಯಿಲೆ ಎಂದು ಅನ್ನಿಸಿದರೆ ವ್ಯಾಪಾರಕ್ಕೆ ಒಳ್ಳೆಯದೇ.

ಈ ಕಸುಬು ಹೊಸದು ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ನಾನು ಚಿಕ್ಕವಳಿದ್ದಾಗ ಓಣಿಗೆ ಕಲಾಯಿಯವನು ಬರುತ್ತಿದ್ದ. ತಾಮ್ರದ ಪಾತ್ರೆಯನ್ನು ಮೊದಲು ಮರಳು ಹಾಕಿ ತಿಕ್ಕಿ, ಆಮೇಲೆ ಕಾಯಿಸಿ, ತವರ ಸವರಿ, ಅರಿವೆಯಿಂದ ಒಮ್ಮೆ ಎಳೆದರೆ ಒಳಗೆಲ್ಲ ಬೆಳ್ಳಿ! ಕಾರಹುಣ್ಣಿಮೆಗೆ ನಮ್ಮಪ್ಪ ಎತ್ತಿನ ಕೊಂಬನ್ನು ಒಡೆದ ಗಾಜಿನಿಂದ ನಯವಾಗಿ ಹೆರೆದು, ಎಣ್ಣೆ ತಿಕ್ಕಿ, ಮೇಲೆ ಬಣ್ಣ ಹಚ್ಚುತ್ತಿದ್ದ. ಮೊದಲು ಹೆರೆಯುವುದು, ಆಮೇಲೆ ಹಚ್ಚುವುದು. ನಮ್ಮ ಶೆಡ್ಡಿನಲ್ಲಿ ನಡೆಯುವುದೂ ಅಷ್ಟೇ. ವ್ಯತ್ಯಾಸವೆಂದರೆ ಎತ್ತು ಎಷ್ಟು ವರ್ಷದ ಗ್ಯಾರಂಟಿ ಎಂದು ಕೇಳುತ್ತಿರಲಿಲ್ಲ.

ಮನುಷ್ಯರು ಮಾತ್ರ ಮೊದಲು ಕೇಳುವುದೇ ಅದನ್ನು. "ಎಷ್ಟ ವರ್ಷ ಬರ್ತೈತ್ರಿ?" ಸಿಂದಗಿಯ ಒಬ್ಬರು ಇನ್ನೂ ಮುಂದೆ ಹೋಗಿ, "ಕಲ್ಲಿಲೆ ಗೀರಿ ನೋಡ್ಲೇನ್ರಿ?" ಎಂದು ಅಂಗಳದಲ್ಲಿ ಕಲ್ಲು ಹುಡುಕತೊಡಗಿದ್ದರು. "ನಿಮ್ಮ ಕಾರಿಗೆ ಗೀರ್ರಿ, ನನ್ನ ಮುಚ್ಚಳಕ್ಕ ಬ್ಯಾಡ" ಅಂದ ಮೇಲೆ ಸುಮ್ಮನಾದರು. ಮುದ್ದೇಬಿಹಾಳದ ಒಬ್ಬ ಮಾಸ್ತರರು ಇನ್ನು ಮುಂದೆ ಕಾರು ತೊಳೆಯುವ ಕೆಲಸವೇ ಇಲ್ಲವೆಂದು ತಿಳಿದು ಬಕೆಟ್ಟನ್ನೇ ಪಕ್ಕದ ಮನೆಗೆ ಕೊಟ್ಟುಬಿಟ್ಟಿದ್ದರು. ನಮ್ಮ ಸೀಮೆಯ ಧೂಳು ಯಾವ ಔಷಧಕ್ಕೂ ಹೆದರುವುದಿಲ್ಲ ಎಂದು ಅವರಿಗೆ ತಿಳಿಹೇಳಬೇಕಾದರೆ ಸಾಕುಬೇಕಾಯಿತು.

ಎಲ್ಲಕ್ಕಿಂತ ದೊಡ್ಡ ಪೇಚಾಟ ಮಹಾನವಮಿಯದು. ಬಾಗೇವಾಡಿಯಿಂದ ಬೆಳಿಗ್ಗೆಯೇ ಫೋನು. "ಅಕ್ಕಾರ, ಬಾನೆಟ್ ಮ್ಯಾಲ ವಿಭೂತಿ ನಿಲ್ಲವಲ್ತರಿ! ಮೂರು ಸಲ ಹಚ್ಚೇನಿ, ಮೂರು ಸಲ ಜಾರೇತಿ. ನಮ್ಮವ್ವ ಅಪಶಕುನ ಅಂತ ಅಳಾಕತ್ತಾಳ." ಏನೂ ಅಂಟಬಾರದು ಎಂದು ಹಚ್ಚಿದ ಪದರಕ್ಕೆ ವಿಭೂತಿ ಯಾವುದು, ಕೆಸರು ಯಾವುದು ಎಂಬ ವಿವೇಕ ಎಲ್ಲಿಂದ ಬರಬೇಕು? "ಸ್ಟೇರಿಂಗಿಗೆ ಹಚ್ರಿ, ಬಂಡಿ ನಡಿಯೂದ ಅದರಿಂದಲ್ಲೇನ್ರಿ" ಎಂದು ಪಾರಾದೆ. ಅಂದಿನಿಂದ ಎಲ್ಲ ಗಿರಾಕಿಗಳಿಗೂ ಇದನ್ನು ಮೊದಲೇ ಹೇಳುತ್ತೇನೆ. ನಿಮಗೂ ಈಗಲೇ ಹೇಳಿಟ್ಟಿದ್ದೇನೆ, ನೆನಪಿರಲಿ.

ಗೊಳಸಂಗಿಯ ನಿಂಗಪ್ಪ ಕಾಕಾ ಮತ್ತು ಅವರ ಮಗ ಪರಮೇಶಿ ನಮ್ಮ ಶೆಡ್ಡಿಗೆ ಬಂದದ್ದು ಒಂದು ಬಿಸಿಲಿನ ಮುಂಜಾನೆ. ಕಾಕಾ ಜನ್ಮವೆಲ್ಲ ಬಸ್ಸು ಓಡಿಸಿದವರು; ನಿವೃತ್ತಿಯಾದ ಮೇಲೆ ಒಂದು ಬಿಳಿ ಕಾರು ಕೊಂಡಿದ್ದರು. ಪರಮೇಶಿಗೆ ಇಂಡಿ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಮುಂದಿನ ವಾರ ಅವನ ಮದುವೆ, ಮದುಮಗಳು ಆ ಕಾರಿನಲ್ಲಿಯೇ ಮನೆಗೆ ಬರಬೇಕು. "ಒಂದು ಗೀರು, ಒಂದು ಕಲಿ ಉಳಿಬಾರದ್ರಿ ಅಕ್ಕಾ. ಹೊಸಾದು ಆಗಬೇಕು" ಅಂದ. ಕಬ್ಬಿನ ಟ್ರ್ಯಾಕ್ಟರುಗಳ ಪಕ್ಕ ಹಾದು ಹಾದು ಬಾಗಿಲ ತುಂಬ ಗೀರುಗಳಾಗಿದ್ದವು. ಬಾನೆಟ್ಟಿನ ನಡುವೆ ಒಂದು ಮಂಕಾದ ಗುರುತಿತ್ತು, ಸ್ವಲ್ಪ ಕೆಂಪಗೆ.

ನಮ್ಮವರು ಕಾರು ತೊಳೆದು ಒರೆಸಿದರು. ಮಷಿನ್ ಹಿಡಿದು ಬಾನೆಟ್ಟಿನ ಹತ್ತಿರ ಹೋದಾಗ, ಅದುವರೆಗೆ ಸ್ಟೂಲಿನ ಮೇಲೆ ಸುಮ್ಮನೆ ಕುಳಿತಿದ್ದ ಕಾಕಾ ಎದ್ದು ಬಂದು, ಆ ಗುರುತಿನ ಮೇಲೆ ಅಂಗೈ ಊರಿ ನಿಂತರು.

"ಕೈ ತಗೀರಿ ಕಾಕಾ" ಅಂದರು ನಮ್ಮವರು.

ಕಾಕಾ ತೆಗೆಯಲಿಲ್ಲ. ಮಷಿನ್ ತಿರುಗುತ್ತಲೇ ಇತ್ತು. ಪರಮೇಶಿ ನೆಲ ನೋಡುತ್ತಿದ್ದ. ನಾನೇ ಹೋಗಿ ಮಷಿನ್ ಬಂದ್ ಮಾಡಿದೆ. ಬಗ್ಗಿ ನೋಡಿದರೆ ಕಾಕಾನ ಬೆರಳುಗಳ ಸಂದಿಯಲ್ಲಿ ಇನ್ನೊಂದು ಕೈಯ ಬೆರಳುಗಳ ಗುರುತುಗಳಿದ್ದವು. ಸಣ್ಣ ಕೈ, ಹೆಂಗಸಿನದು.

ಅವರ ಮನೆಯಲ್ಲಿ ಒಂದು ಪದ್ಧತಿಯಂತೆ. ಹೊಸದೇನು ಹೊಸ್ತಿಲಿಗೆ ಬಂದರೂ, ಎಮ್ಮೆಯಿರಲಿ, ಕಪಾಟಿರಲಿ, ಮನೆಯ ಹೆಂಗಸು ಅರಿಶಿನಕ್ಕೆ ಸುಣ್ಣ ಕಲಸಿ, ಆ ಕೆಂಪಿನಲ್ಲಿ ಅಂಗೈ ಅದ್ದಿ ಅದರ ಮೇಲೆ ಒತ್ತಬೇಕು. ತಾನಾಗಿ ಉದುರುವ ತನಕ ಯಾರೂ ಒರೆಸುವಂತಿಲ್ಲ. ಎಮ್ಮೆಯ ಮೇಲೆ ಅದರಿಂದ ಏನೂ ಆಗುವುದಿಲ್ಲ. ಕಾರಿನ ಮೇಲೆ ಬೇಸಿಗೆಯ ಬಿಸಿಲಿಗೆ ಆ ಸುಣ್ಣ ಬಣ್ಣವನ್ನು ತಿಂದುಬಿಟ್ಟಿತ್ತು. ಕಾಕಾನ ಹೆಂಡತಿ ಗಂಗವ್ವ ಕೈಯೊತ್ತಿದ್ದು ಕಾರು ಬಂದ ದಿನ. ಆ ವರ್ಷವೇ ಆಕೆ ತೀರಿಕೊಂಡಳು.

"ಅಪ್ಪಾ, ಅವ್ವನ ಕೈ ಅಂತ ನನಗ ಗೊತ್ತಿಲ್ಲೇನು?" ಪರಮೇಶಿ ಒಮ್ಮೆಲೇ ಅಂದ. ನನ್ನ ಕಡೆ ತಿರುಗಿದ. "ನೋಡಿದಾಗೊಮ್ಮೆ ಅಳು ಬರ್ತೈತ್ರಿ ಅಕ್ಕಾ. ಮದವಿ ದಿನಾ ಕಾರಿನ ಮುಂದ ನಿಂತು ನಾ ಅತ್ತರ ಮಂದಿ ಏನಂದಾರು? ಅದಕ್ಕ ಹೋಗಲಿ ಅಂದೆ."

ಕಾಕಾ ಆಗ ಬಾಯಿಬಿಟ್ಟರು. "ನಾ ದಿನಾ ಮುಂಜಾನಿ ಇಲ್ಲಿ ಕೈ ಇಟ್ಟ ಬಂಡಿ ಚಾಲೂ ಮಾಡ್ತೇನಿ ತಂಗಿ. ಇದು ಹೋದರ ಎಲ್ಲಿ ಇಡ್ಲಿ?"

 ಮಾತೇ ಬಂಡವಾಳವಾದ ನನಗಿಂತ ಮೊದಲು ಮಾತು ಬಂದದ್ದು ನಮ್ಮವರಿಗೆ. ಆ ಜಾಗಕ್ಕೆ ಪಾಲಿಶ್ ಮಾಡದೆ ಮೇಲೆ ಔಷಧ ಮಾತ್ರ ಹಚ್ಚಿದರೆ ಗುರುತು ಹಾಗೆಯೇ ಒಳಗೆ ಭದ್ರವಾಗಿ ಉಳಿಯುತ್ತದೆ ಎಂದರು. ನನಗೆ ಹೋದ ಜೀವ ಬಂದಂತಾಯಿತು. ತಟ್ಟನೆ ನನ್ನ ವ್ಯಾಪಾರದ ನಾಲಿಗೆಯೂ ಎದ್ದು ಕುಳಿತಿತು. "ಹೌದ್ರಿ ಕಾಕಾ! ಮಳಿ ಬರ್ಲಿ, ಬಿಸಲ ಬೀಳ್ಲಿ, ವರ್ಷಗಟ್ಲೆ ಹಂಗ ಇರ್ತೈತಿ" ಅಂದೆ. ಚೀಲದಿಂದ ಮುಚ್ಚಳ ತೆಗೆದು ನೀರನ್ನೂ ಸುರಿದೆ.

ಕಾಕಾ ಉರುಳುವ ಹನಿಗಳನ್ನು ನೋಡಿದರು. ಮುಚ್ಚಳದ ಹೊಳೆಯುವ ಅರ್ಧದ ಮೇಲೆ ಬೆರಳಾಡಿಸಿದರು. ಎಷ್ಟು ವರ್ಷ ಎಂದು ಕೇಳುತ್ತಾರೆಂದುಕೊಂಡೆ. ಅವರು ಕೇಳಿದ್ದು ಬೇರೆ.

"ಇದನ್ನ ಹಚ್ಚಿದ ಮ್ಯಾಲ ನಾ ಕೈ ಇಟ್ಟರ, ಅದು ಆಕಿ ಕೈಗೆ ಹತ್ತತೈತೋ, ಈ ಔಷಧಕ್ಕ ಹತ್ತತೈತೋ?"

ಎಷ್ಟೋ ಊರು ತಿರುಗಿದ್ದೇನೆ, ಎಷ್ಟೋ ಜನರ ಬಾಯಿಗೆ ಉತ್ತರ ಕೊಟ್ಟಿದ್ದೇನೆ. ಇದಕ್ಕೆ ಇದ್ದ ಉತ್ತರ ವ್ಯಾಪಾರಕ್ಕೆ ಆಗಿಬರುವಂಥದ್ದಲ್ಲ. ನಾನು ಮುಚ್ಚಳ ಒರೆಸಿ ಚೀಲಕ್ಕೆ ಹಾಕಿದೆ.

"ಔಷಧಕ್ಕ ಹತ್ತತೈತ್ರಿ" ಅಂದರು ನಮ್ಮವರು. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ, ಅದಕ್ಕೇ ಅವರನ್ನು ನಾನು ಗಿರಾಕಿಗಳ ಮುಂದೆ ಬಿಡುವುದಿಲ್ಲ. "ಆದ್ರ ಬಿಟ್ಟರ ಮಾಸತೈತ್ರಿ ಕಾಕಾ. ಬಿಸಲು, ಧೂಳು, ನಿಮ್ಮ ಕೈ, ಎಲ್ಲಾ ಸೇರಿ ಸವಸ್ತಾವ."

"ಮಾಸಲಿ ಬಿಡ್ರಿ" ಅಂದರು ಕಾಕಾ. "ನಾನೂ ಮಾಸಾಕತ್ತೇನಿ. ಇಬ್ಬರೂ ಕೂಡೇ ಮಾಸ್ತೇವಿ."

ನಾನು ಶೆಡ್ಡಿನ ಹಿಂದೆ ಹೋಗಿ, ಕಣ್ಣಿಗೆ ಪಾಲಿಶ್ ಪುಡಿ ಬಿತ್ತೆಂದು ನನಗೆ ನಾನೇ ಹೇಳಿಕೊಂಡು ಮುಖ ತೊಳೆದೆ. ತಿರುಗಿ ಬಂದಾಗ ನಮ್ಮವರು ಆ ಕೈಗೆ ಔಷಧ ತಾಗದಂತೆ ಸುತ್ತ ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಪರಮೇಶಿ ಬೆರಳಿನ ತುದಿಗಳನ್ನು ಒಂದೊಂದಾಗಿ ತೋರಿಸುತ್ತಿದ್ದ. "ಕಿರುಬೆರಳ ಇಲ್ಲೀ ಮಟಾ ಐತ್ರಿ, ನೋಡ್ರಿ" ಎಂದು. ಅವನ ಕಣ್ಣುಗಳು ತುಂಬಿದ್ದವು, ಆದರೆ ಈ ಸಲ ನೆಲ ನೋಡುತ್ತಿರಲಿಲ್ಲ.

ಮಾರನೆಯ ದಿನ ಕಾರು ಹೊರಟಿತು. ಎಲ್ಲಾ ಕಡೆ ಕನ್ನಡಿ, ನಡುವೆ ಅಂಗೈಯಗಲ ಮಂಕು. ದಾರಿಯಲ್ಲಿ ಹೋಗುವವರು ನೋಡಿ, ಈ ದಂಪತಿಗೆ ಕೆಲಸ ಬರುವುದಿಲ್ಲ, ಒಂದು ಜಾಗ ಮರೆತೇ ಬಿಟ್ಟಿದ್ದಾರೆ ಅನ್ನುವರಲ್ಲ ಎಂದು ನನಗೆ ಸಣ್ಣ ಚಿಂತೆ. ಒಂದಿಬ್ಬರು ಅಂದೂ ಅಂದರಂತೆ. ನಮ್ಮವರು ಮಾತ್ರ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ.

ಕೋಟಿಂಗ್ ಮಾಡಿಸಿದವರು ವರ್ಷಕ್ಕೊಮ್ಮೆ ಕಾರು ತಂದು ತೋರಿಸಬೇಕು ಎನ್ನುವುದು ನಮ್ಮ ನಿಯಮ. ಬರುವವರು ಕಡಿಮೆ. ಕಾಕಾ ಬಂದರು, ಮಗ ಸೊಸೆಯ ಜೊತೆ, ಒಂದು ಚೀಲ ಶೇಂಗಾ ಹೋಳಿಗೆ ಹಿಡಿದುಕೊಂಡು. ನಾನು ಅವರ ಮುಖಕ್ಕಿಂತ ಮೊದಲು ಬಾನೆಟ್ ನೋಡಿದೆ. ಬಿಟ್ಟ ಜಾಗ ಹೋದ ಸಲಕ್ಕಿಂತ ಕೆಂಪಾಗಿತ್ತು!

ನಡೆದದ್ದನ್ನು ಹೇಳಿದವಳು ಸೊಸೆ ಶಾಂತಾ. ಮದುವೆಯಾಗಿ ಮನೆ ತುಂಬಿದ ದಿನ ಹಿರಿಯರು ಅವಳ ಮುಂದೆ ಅರಿಶಿನ ಸುಣ್ಣದ ತಟ್ಟೆ ಇಟ್ಟು, ಹೊಸ ಕಾರಿನಂತೆ ಆಗಿದೆ, ನೀನೂ ಕೈಯೊತ್ತು ಅಂದರಂತೆ. ಅವಳು ಒತ್ತಿದಳು. "ನಿಲ್ಲವಲ್ತರಿ ಅಕ್ಕಾ! ಎಲ್ಲಿ ಒತ್ತಿದ್ರೂ ನೀರಾಗಿ ಇಳೀತು. ಮಂದಿ ಎಲ್ಲಾ ಮಾರಿ ಮಾರಿ ನೋಡಾಕತ್ತರು, ನನಗ ಅಳೂನ ಬಂತು." ಎಲ್ಲರಿಗೂ ಹೇಳುವ ಮಹಾನವಮಿಯ ವಿಭೂತಿಯ ವಿಷಯವನ್ನು ಇವರಿಗೆ ಹೇಳಲು ನಾನು ಅವತ್ತು ಮರೆತಿದ್ದೆ, ನೋಡಿ. ಆಗ ಪರಮೇಶಿ ಅವಳ ಮಣಿಕಟ್ಟು ಹಿಡಿದು ಬಾನೆಟ್ಟಿನ ನಡುವಿನ ಆ ಜಾಗಕ್ಕೆ ಕರೆದೊಯ್ದನಂತೆ. "ಇಲ್ಲಿ ಇಡು. ಇಲ್ಲಿ ನಿಲ್ಲತೈತಿ" ಅಂದನಂತೆ.

"ಗಂಗವ್ವನ ಕೈ ಮುಚ್ಚಿಹೋತಲ್ರಿ ಕಾಕಾ?" ಎಂದು ನಾನು ಮೆಲ್ಲಗೆ ಕೇಳಿದೆ.

ಕಾಕಾ ಹೋಗಿ ಅದರ ಮೇಲೆ ಕೈಯಿಟ್ಟು ನಿಂತರು. "ಮುಚ್ಚಿಲ್ಲ ತಂಗಿ. ಸೊಸಿ ಆಕಿ ಕೈಯಾಗ ಕೈ ಇಟ್ಟಾಳ, ಅಷ್ಟ."

ನಮ್ಮವರು ಒಳಗೆ ಹೋಗಿ ಕಾಗದದ ಪಟ್ಟಿ ತಂದು, ಎರಡೂ ಕೈ ಸೇರುವಂತೆ ಸುತ್ತ ಅಂಟಿಸಿ, ಉಳಿದ ಕಾರಿಗೆ ಮತ್ತೊಮ್ಮೆ ಹೊಳಪು ಕೊಡತೊಡಗಿದರು. ಆ ಕಾರಿನಲ್ಲಿ ನಾನು ಗ್ಯಾರಂಟಿ ಕೊಡದ ಜಾಗ ಅದೊಂದೇ. ಎಲ್ಲಕ್ಕಿಂತ ಹೆಚ್ಚು ಬಾಳುವುದೂ ಅದೇ ಎಂದು ನನಗೆ ಅನ್ನಿಸುತ್ತದೆ. ಗಿರಾಕಿಗಳ ಮುಂದೆ ಮಾತ್ರ ಇದನ್ನು ಹೇಳುವುದಿಲ್ಲ, ಅಂಗಡಿ ನಡೆಯಬೇಕಲ್ಲ.