ಹಿನ್ನೀರಿನೊಳಗೊಂದು ರಸ್ತೆ

ಕಂಪ್ಯೂಟರಿನ ಪರದೆಗೆ ಮೇಡಂ ಎಷ್ಟು ಹತ್ತಿರ ಬಾಗುತ್ತಿದ್ದರೆಂದರೆ, ಶೃಂಗೇರಿಯ ಕಾಡೆಲ್ಲ ಅವರ ಮುಖದ ಮೇಲೆ ಬೀಳುತ್ತಿತ್ತು. ಉಪಗ್ರಹದ ಚಿತ್ರದಲ್ಲಿ ಕಾಡು ಹಸಿರಾಗಿರುವುದಿಲ್ಲ. ನಮ್ಮ ಕಣ್ಣಿಗೆ ಕಾಣದ ಬೆಳಕೊಂದು ಎಲೆಗಳಿಂದ ಹೊಮ್ಮುತ್ತದೆ. ಚಿತ್ರ ಅದನ್ನು ಕೆಂಪಾಗಿ ತೋರಿಸುತ್ತದೆ. ಆ ಕೆಂಪು ಮೇಡಂ ಅವರ ನರೆತ ಕೂದಲಿಗೂ ಕನ್ನಡಕಕ್ಕೂ ಮೂಗುತಿಯ ಬಿಳಿ ಹರಳಿಗೂ ಹತ್ತಿ, ಅವರು ಯಾವುದೋ ಮುಗಿಯದ ಸಂಜೆಯೊಳಗೆ ಕೂತಂತೆ ಕಾಣುತ್ತಿದ್ದರು.

ಈ ಶತಮಾನದ ಮೊದಲ ವರ್ಷಗಳು ಅವು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ನೆಲದ ನಕ್ಷೆ ಮಾಡಲು ಕೊಪ್ಪದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದರು. ಮೇಡಂ ಯೋಜನೆಯ ಮುಖ್ಯಸ್ಥೆ. ನಾನು ಭೂಗೋಳ ಓದಿ ಆಗಷ್ಟೇ ಸೇರಿದ್ದ ಸಹಾಯಕ. ಚಿತ್ರದ ಮೇಲೆ ಕಾಡು, ತೋಟ, ಗದ್ದೆ, ನೀರು ಎಂದು ಗಡಿ ಎಳೆಯುವುದು ನನ್ನ ಕೆಲಸ. ಆತುರದಿಂದ ಎಳೆದರೆ ಅವರು ಬೈಯುತ್ತಿರಲಿಲ್ಲ. "ನಿಧಾನ ಮಾರಾಯ, ಅಲ್ಲಿ ಯಾರೋ ವಾಸ ಮಾಡ್ತಿದಾರೆ" ಅನ್ನುತ್ತಿದ್ದರು. ಕರೆಂಟು ಹೋದರೆ ಕತ್ತಲಾದ ಪರದೆಯ ಮುಂದೆಯೇ ಕೂತು ಬಣ್ಣಗಳ ಮಾತಾಡುತ್ತಿದ್ದರು. ನಾಟಿಯ ಗದ್ದೆ ತೆಳು ಗುಲಾಬಿಯಂತೆ, ಚಹಾ ತೋಟ ಕೆಂಪು ಮಖಮಲ್ಲಿನಂತೆ.

ಒಂದು ಬೇಸಿಗೆಯ ಚಿತ್ರ ಬಂತು. ಭದ್ರಾ ಹಿನ್ನೀರು ಬಹಳ ಇಳಿದಿತ್ತು. ನರಸಿಂಹರಾಜಪುರದ ಕಡೆಯ ದಂಡೆಯಲ್ಲಿ, ಬಯಲಾದ ಮಣ್ಣಿನ ಮೇಲೆ ಒಂದು ನೇರ ಗೆರೆ ಕಂಡಿತು. ಅದು ಸೀದಾ ಕಪ್ಪು ನೀರಿಗಿಳಿದು ಮಾಯವಾಗುತ್ತಿತ್ತು. ಚಿತ್ರದ ದೋಷವೆಂದುಕೊಂಡು, "ಅಳಿಸಿಬಿಡಲಾ ಮೇಡಂ?" ಎಂದೆ.

ಅವರು ಬಾಗಿ ನೋಡಿದರು.

"ಅದು ನಮ್ಮ ಊರಿನ ರಸ್ತೆ," ಎಂದರು.

ಅಣೆಕಟ್ಟಿನಿಂದ ಮುಳುಗಿದ ಊರಿನವರು ಅವರೆಂದು ನನಗೆ ತಿಳಿದದ್ದು ಅಂದೇ. ಎತ್ತಿನ ಗಾಡಿಯ ಹಿಂಬದಿಯಲ್ಲಿ ಕೂತು ಆ ರಸ್ತೆಯಲ್ಲಿ ಹೊರಟಾಗ ಅವರು ಸಣ್ಣ ಹುಡುಗಿ. ಮನೆಯವರು ಶೆಟ್ಟಿಕೊಪ್ಪದ ಹತ್ತಿರ ನೆಲೆಸಿದರು. ಅವರ ಅಮ್ಮ ಮಾತ್ರ ಬಸ್ಸಿನಲ್ಲಿ ಹೋಗುವಾಗಲೂ ಹಿನ್ನೀರು ಕಾಣುವ ಬದಿಗೆ ಕೂರುತ್ತಿರಲಿಲ್ಲವಂತೆ. ಮೇಡಂ ಆ ಚಿತ್ರದ ಒಂದು ಪ್ರತಿಯನ್ನು ಮನೆಗೆ ಒಯ್ದರು. ಅಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ನೀರೇ ಬಿಟ್ಟುಕೊಟ್ಟಿದೆ ಅಂದ್ರೆ ಒಂದ್ಸಲ ನೋಡಿ ಬರನ" ಎಂದರಂತೆ.

ಚಿತ್ರದಲ್ಲಿ ಕಂಡದ್ದನ್ನು ನೆಲದ ಮೇಲೆ ಹೋಗಿ ಖಾತ್ರಿ ಮಾಡಿಕೊಳ್ಳುವುದು ನಮ್ಮ ಕೆಲಸದ ಭಾಗವೇ. ಆ ಸಲ ಜೀಪಿನಲ್ಲಿ ಅಮ್ಮನೂ ಇದ್ದರು. ನೀರು ಬಿಟ್ಟ ನೆಲದ ಮೇಲೆ ಎಳೆ ಹುಲ್ಲು ಹಬ್ಬಿತ್ತು. ಜಿಪಿಎಸ್ ಹಿಡಿದು ನಾನು ಮುಂದೆ, ತಾಯಿ ಮಗಳು ಹಿಂದೆ. ಹೂಳಿನಿಂದ ಎದ್ದ ಕಲ್ಲಿನ ರಸ್ತೆ, ಅದರ ಪಕ್ಕ ಮನೆಗಳ ಅಡಿಪಾಯ, ಮಣ್ಣು ತುಂಬಿದ ಬಾವಿ. ಒಂದು ಅಡಿಪಾಯದ ಮುಂದೆ ಅಮ್ಮ ಚಪ್ಪಲಿ ಬಿಟ್ಟರು. ಗೋಡೆಗಳೇ ಇರಲಿಲ್ಲ, ಆದರೂ ಅವರು ಬಾಗಿಲಿದ್ದ ಜಾಗದಿಂದಲೇ ಒಳಗೆ ಹೋದರು. ಒಂದು ಮೂಲೆಯಲ್ಲಿ ಕೂತು ಅಂಗೈಯಿಂದ ನೆಲ ಸವರಿದರು.

"ಕೂಸೆ, ನೀ ಹುಟ್ಟಿದ್ದು ಈ ಕೋಣೇಲಿ."

ಮೇಡಂ ಪಕ್ಕದಲ್ಲಿ ಕೂತು ಅಮ್ಮನ ತೊಡೆಯ ಮೇಲೆ ತಲೆಯಿಟ್ಟರು. ನಾನು ನೀರಿನ ಕಡೆ ತಿರುಗಿ ನಿಂತೆ.

ಸುದ್ದಿ ಹಬ್ಬಿತು. ಎಲ್ಲೆಲ್ಲೋ ಚದುರಿದ್ದ ಆ ಊರಿನವರು ಒಬ್ಬೊಬ್ಬರಾಗಿ ಕೊಪ್ಪದ ಕೋಣೆಗೆ ಬರತೊಡಗಿದರು. ನಾವು ಮಾಡುವ ನಕ್ಷೆ ಒಂದರ ಮೇಲೊಂದು ಹಾಸಿದ ಪದರಗಳದು: ಕಾಡಿಗೊಂದು, ರಸ್ತೆಗೊಂದು, ನೀರಿಗೊಂದು. ನೀರಿನ ಪದರದ ಕೆಳಗೆ ಮೇಡಂ ಹೊಸ ಪದರವೊಂದನ್ನು ತೆರೆದರು. ಬಂದವರಿಗೆ ಕುರ್ಚಿ ಕೊಟ್ಟು, "ನಿಮ್ಮ ಅಂಗಳದಲ್ಲಿ ನಿಂತ್ರೆ ಎಂತ ಕಾಣ್ತಿತ್ತು?" ಎಂದು ಕೇಳುವರು, ಅವರು ಹೇಳಿದ ಹಾಗೆ ನಾನು ಮನೆ, ಕಣ, ಮಾವಿನ ಮರ ಬರೆಯುವೆ. ಇಬ್ಬರು ಮುದುಕರು ತಮ್ಮ ನಡುವಿನ ಬೇಲಿ ಎಲ್ಲಿತ್ತೆಂದು ಪರದೆಯ ಮುಂದೆಯೇ ಜಗಳ ತೆಗೆದರು.

"ಅದು ನಮ್ಮ ಜಾಗ ಮಾರಾಯ, ನಿನ್ನ ಅಪ್ಪಂಗೂ ಗೊತ್ತಿತ್ತು."

ಮೇಡಂ ನನ್ನ ಕಡೆ ತಿರುಗಿ, "ಎರಡು ಕಡೆಗೂ ಬೇಲಿ ಹಾಕು. ಈಗ ಅಲ್ಲಿ ಯಾರಿಗೂ ದಾರಿ ಕಟ್ಟೋದಿಲ್ಲ" ಎಂದರು. ಮುದುಕರು ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡರು.

ನೀರಿನಡಿ ಇದ್ದದ್ದು ನಮಗೆ ಬೇಡ ಎಂದರು ಮೇಲಿನವರು. ಒಪ್ಪಿಸಿದ ನಕ್ಷೆಯಲ್ಲಿ ಅಲ್ಲಿ ಬರೀ ನೀಲಿ. ಮೇಡಂ ವಾದ ಮಾಡಲಿಲ್ಲ. ಊರಿನ ಪದರವನ್ನು ಬೇರೆಯಾಗಿ ಅಚ್ಚು ಹಾಕಿಸಿ ಆ ಮನೆಗಳವರಿಗೆಲ್ಲ ಹಂಚಿದರು.

ಕೆಲವು ವರ್ಷಗಳ ಮೇಲೆ, ಒಂದು ಶ್ರಾವಣದಲ್ಲಿ ಮೇಡಂ ತೀರಿಕೊಂಡರು. ಅಮ್ಮ ಮೊದಲೇ ಹೋಗಿದ್ದರು. ಶೆಟ್ಟಿಕೊಪ್ಪದಲ್ಲಿ ಎಲ್ಲ ಮುಗಿಸಿ ಬರುವಾಗ ನಾನು ಹಿನ್ನೀರಿನ ದಂಡೆಯಲ್ಲಿ ಬಸ್ಸಿನಿಂದ ಇಳಿದೆ. ನೀರು ಗುಡ್ಡದ ಬುಡದವರೆಗೂ ತುಂಬಿತ್ತು. ಮೀನು ಹಿಡಿಯುವವನೊಬ್ಬ ದೋಣಿಯನ್ನು ದಡಕ್ಕೆ ಎಳೆಯುತ್ತಿದ್ದ.

"ಎಂತ ನೋಡ್ತಿದೀರಿ? ಬರೀ ನೀರಲ್ವ?"

"ಕೆಳಗೆ ಒಂದು ಊರುಂಟು," ಎಂದೆ. "ಅಲ್ಲಿ ಹುಟ್ಟಿದವರೊಬ್ಬರನ್ನ ಇವತ್ತು ಕಳಿಸಿ ಬಂದೆ."

ಅವನು ಹುಟ್ಟನ್ನು ದೋಣಿಯೊಳಗಿಟ್ಟು, ಲುಂಗಿಗೆ ಕೈ ಒರೆಸಿಕೊಂಡು ನನ್ನ ಪಕ್ಕ ಬಂದು ನಿಂತ.

"ದಿನಾ ಅದರ ಮೇಲೇ ಹೋಗ್ತೇನೆ ನಾನು. ಎಲ್ಲಿ, ತೋರಿಸಿ."

ನಾನು ಕೈ ಚಾಚಿ, ಒಂದೊಂದೇ ಮನೆಯನ್ನು ತೋರಿಸತೊಡಗಿದೆ.