ಹಾಡು ನಿಂತರೆ ನಿಲ್ಲಬೇಕು

ನನ್ನ ಗೆಳತಿ, ಮಕ್ಕಳ ಬಾಯಲ್ಲಿ ಹೆಜ್ಜೆ ಟೀಚರ್, ಗುರುವಾರ ಬೆಳಿಗ್ಗೆ ತೀರಿಕೊಂಡಳು. ಹೃದಯ ನಿಂತಿತು ಎಂದರು ಡಾಕ್ಟರು. ಅವಳ ಮೊಮ್ಮಗಳು ಹುಟ್ಟಿದ್ದೂ ಅದೇ ಬೆಳಿಗ್ಗೆ, ದೂರದ ನಮ್ಮೂರಿನಲ್ಲಿ. ಅಜ್ಜಿ ಮೊಮ್ಮಗಳು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಶಾಲೆಯಿಂದ ಶಾಲೆಗೆ ತಿರುಗಿ ಮಕ್ಕಳಿಗೆ ಹಾಡು, ಕುಣಿತ ಕಲಿಸುವುದು ಅವಳ ಕೆಲಸ. ಹಾರ್ಮೋನಿಯಂ ನುಡಿಸುವುದು ನನ್ನದು. "ನಾನು ಕಾಲು, ನೀನು ಕೈ. ತಲೆ ಇಬ್ಬರಿಗೂ ಇಲ್ಲ ಕಣೇ," ಎನ್ನುತ್ತಿದ್ದಳು. ಲಯ ಕಲಿಸಲು ಅವಳದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಅವಳು ಹಾಡುವಷ್ಟು ಹೊತ್ತು ಮಕ್ಕಳು ನಡೆಯಬೇಕು. ಹಾಡು ನಿಂತರೆ ಇದ್ದಲ್ಲೇ ನಿಲ್ಲಬೇಕು. ಮತ್ತೆ ಅವಳ ದನಿ ಕೇಳುವ ತನಕ ಬೇರೆ ಯಾರು ಕರೆದರೂ ಅಲ್ಲಾಡಬಾರದು. ನಾವು ಕೊನೆಯ ಸಲ ಹೋದ, ದೂರದ ಉತ್ತರದ ಗುಡ್ಡದ ಮೇಲಿನ ವಸತಿಶಾಲೆಯಲ್ಲಿ ಊಟದ ಗಂಟೆಗೂ ಮಕ್ಕಳು ಕದಲದ್ದನ್ನು ಕಂಡ ಹೆಡ್‌ಮಾಸ್ತರು, ಈ ವಿದ್ಯೆ ನನಗೂ ಹೇಳಿಕೊಡಿ ಎಂದು ಕೇಳಿದ್ದರು.

ಚಳಿಗಾಲ ಮುಗಿಯಿತೆಂದು ನಾವು ಒಂದೊಂದು ಶಾಲು ಹೊದ್ದು ಆ ಶಾಲೆಗೆ ಹೊರಟಿದ್ದೆವು. ಪಾಠ ಮುಗಿಸಿ ಇಳಿಯಬೇಕೆನ್ನುವಾಗ ಚಳಿ ಹೇಳದೆ ಕೇಳದೆ ಮರಳಿ ಬಂತು. ನಲ್ಲಿಯಲ್ಲೇ ನೀರು ಹೆಪ್ಪುಗಟ್ಟಿತು. ಇಳಿಜಾರು ರಸ್ತೆ ಗಾಜಿನಂತಾಯಿತು. ಹೆರಿಗೆಗೆ ಪಕ್ಕದಲ್ಲೇ ಇರುತ್ತೇನೆಂದು ಅವಳು ಮಗಳಿಗೆ ಮಾತು ಕೊಟ್ಟು ಬಂದಿದ್ದಳು. ಹೋಗಿ ಜೀಪಿನವನನ್ನು ಗೋಗರೆದಳು.

"ಇಳಿಸೋದೇನು, ಇಳಿಸ್ತೀನಮ್ಮ. ನಿಲ್ಲಿಸೋದು ಮಾತ್ರ ನನ್ನ ಕೈಲಿಲ್ಲ," ಎಂದ ಅವನು.

ಮರುದಿನವೂ ಅದೇ ಮಾತು. ಅದರ ಮರುದಿನವೂ. ನಮ್ಮ ಕೋಣೆಯ ಎರಡು ಮಂಚಗಳ ನಡುವೆ ಒಬ್ಬರು ನಡೆಯುವಷ್ಟೇ ಜಾಗ. ಅಲ್ಲೇ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಅವಳು ತಿರುಗುತ್ತಿದ್ದಳು; ನಾನು ಕಾಲು ಮಡಚಿ ಮಂಚದ ಮೇಲೆ ಕೂರುತ್ತಿದ್ದೆ. ಕಿಟಕಿಯ ಗಾಜನ್ನು ಸೆರಗಿನಿಂದ ಒರೆಸಿದರೆ ಹೊರಗೆ ಕಾಣುತ್ತಿದ್ದದ್ದು ಅದೇ ಗೇಟು, ಅದೇ ಜೀಪು. ಎದೆ ಬಿಗಿಯುತ್ತಿದೆ ಎಂದಳೊಮ್ಮೆ. ಕೇಳಿದ್ದಕ್ಕೆ ಚಳಿಗೆ ಇರಬೇಕೆಂದಳು. ಪಾಠ ಮಾತ್ರ ಮುಂದುವರಿಸಿದಳು. ಕೂತರೆ ಮಕ್ಕಳೂ ಸೆಟೆದಾವು, ನಾನೂ ಸೆಟೆದೇನು ಎನ್ನುವುದು ಅವಳ ವಾದ.

ಗುರುವಾರ ಹಾಡಿನ ನಡುವೆ ಅಳಿಯನ ಫೋನು ಬಂತು. ಹಾಡು ನಿಂತಿತು, ಮಕ್ಕಳು ನಿಂತರು. ಮಗಳಿಗೆ ನೋವು ಶುರುವಾಗಿತ್ತು. ಓಡಾಡಿ ಎಂದು ನರ್ಸು ಎಷ್ಟು ಹೇಳಿದರೂ, ಅಮ್ಮ ಬರುವ ತನಕ ಏಳುವುದಿಲ್ಲವೆಂದು ಕೂತುಬಿಟ್ಟಿದ್ದಳಂತೆ. ಇವಳು ಫೋನನ್ನು ಮಗಳ ಕೈಗೆ ಕೊಡಿಸಿದಳು.

"ರಸ್ತೆ ಬಿಡ್ತಿಲ್ಲ ಪುಟ್ಟಿ. ಏಳು, ನಾನು ಹಾಡ್ತೀನಿ, ನೀನು ನಡಿ."

ಮಗಳಿಗೆಂದು ಸಣ್ಣ ದನಿಯಲ್ಲಿ ಹಾಡತೊಡಗಿದಳು. ಬೆನ್ನ ಹಿಂದೆ ಮಕ್ಕಳೆಲ್ಲ ನಡೆಯತೊಡಗಿದರು. ಅವರ ಹೆಜ್ಜೆಯ ಸದ್ದು ಅಲ್ಲಿಗೂ ಕೇಳಿಸಿರಬೇಕು, ಅದೇನೆಂದು ಮಗಳು ಕೇಳಿದಳು.

"ನೀನೊಬ್ಳೇ ಅಲ್ಲ ಕಣೇ, ಒಂದು ಹಿಂಡೇ ನಿನ್ನ ಜೊತೆ ಬರ್ತಿದೆ," ಎಂದು ಮತ್ತೆ ಹಾಡು ಹಿಡಿದಳು. ಆ ಕಡೆ ಮಗಳು ಎದ್ದು ನಡೆದಳು. ಅವಳನ್ನು ಹೆರಿಗೆ ಕೋಣೆಗೆ ಕರೆದೊಯ್ಯುವವರೆಗೂ ಇವಳು ಹಾಡಿದಳು.

ಆಮೇಲೆ ಫೋನು ನನ್ನ ಮಡಿಲಿಗೆ ಹಾಕಿದಳು. ಮುಖ ಬೆವೆತಿತ್ತು, ಆ ಚಳಿಯಲ್ಲಿ. ದನಿ ಸೋತಿದೆ, ನೀನು ನುಡಿಸು, ಮಕ್ಕಳು ನಿಲ್ಲುವುದು ಬೇಡ ಎಂದಳು. ನಾನು ನುಡಿಸಿದೆ. ಅವಳು ಬೆಂಚಿನ ಮೇಲೆ ಕೂತು, ಗೋಡೆಗೊರಗಿ, ಬಲಗಾಲಿನಿಂದ ತಾಳ ಹಾಕತೊಡಗಿದಳು. ಮಕ್ಕಳು ನಡೆಯುತ್ತಲೇ ಇದ್ದರು; ಆ ಕಾಲು ಯಾವಾಗ ನಿಂತಿತೋ ನಾನು ನೋಡಲಿಲ್ಲ.